ವಿಜ್ಞಾನ ಪಾಠ: ಐದು ಹನಿ ಲಸಿಕೆಯ ಹಿಂದೆ ಎಷ್ಟು ವರ್ಷ?



ನಮ್ಮ ಕೂಟಗಳಲ್ಲಿ ಹೈಸ್ಕೂಲು ಮುಗಿಸುತ್ತಿರುವ ಮಕ್ಕಳು ಸಿಕ್ಕರೆ ದೊಡ್ಡವರ ಮೊದಲ ಪ್ರಶ್ನೆ "ಮುಂದೆ ಮೆಡಿಸಿನ್ನಾ?" ಎಂದು. "ಇಲ್ಲ ಆಂಟಿ, ರಿಸರ್ಚ್" ಎಂದು ಉತ್ತರ ಬಂದರೆ ಅಪ್ಪ-ಅಮ್ಮಂದಿರ ಮುಖದಲ್ಲಿ ಸ್ವಲ್ಪ ಆತಂಕ. ಆ ಆತಂಕಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ವೈದ್ಯಕೀಯ ಸಂಶೋಧಕರ ವೃತ್ತಿಜೀವನ ನಿಜಕ್ಕೂ ಹೇಗಿರುತ್ತದೆ ಎಂದು ತಿಳಿಯಲು ಬೆಂಗಳೂರು, ಅಟ್ಲಾಂಟಾ ಮತ್ತು ವಾಷಿಂಗ್ಟನ್ ಪಕ್ಕದ ಬೆಥೆಸ್ಡಾ ಈ ಮೂರನ್ನೂ ಕೂಡಿಸುವ ರೋಟಾವೈರಸ್ ಲಸಿಕೆಯ ಕಥೆ ಒಳ್ಳೆಯ ಪಾಠ.

ರೋಟಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಕ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಾಣು ಗಾಡಿಯ ಚಕ್ರದಂತೆ ಕಾಣುತ್ತದೆ. ಮಕ್ಕಳ ವಾಂತಿ-ಭೇದಿಗೆ ಇದು ಕಾರಣ ಎಂಬುದನ್ನು 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಕಂಡುಹಿಡಿದರು. ಲಸಿಕೆ ಬರುವ ಮೊದಲು ಬಡವರ ಮಗು, ಸಾಹುಕಾರರ ಮಗು ಎನ್ನದೆ ಐದು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲರಿಗೂ ಇದು ತಗಲುತ್ತಿತ್ತು. ಇಲ್ಲಿ ಆಸ್ಪತ್ರೆಗೆ ಓಡಿ ಡ್ರಿಪ್ ಹಾಕಿಸಿದರೆ ಮಗು ಉಳಿಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಮೈಯ ನೀರು ಆರಿಹೋಗಿ ಸಾಯುತ್ತಿದ್ದವು.

ಬೆಥೆಸ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ಗೆ (ಎನ್‌ಐಎಚ್) 1957ರಲ್ಲಿ ಸೇರಿದ ಡಾಕ್ಟರ್ ಆಲ್ಬರ್ಟ್ ಕಾಪಿಕಿಯನ್ ಅಲ್ಲಿಯೇ ಅರ್ಧ ಶತಮಾನಕ್ಕೂ ಹೆಚ್ಚು ದುಡಿದರು. ಮಂಗನ ರೋಟಾವೈರಸ್ಸಿಗೆ ಮನುಷ್ಯರ ರೋಟಾವೈರಸ್ಸಿನ ಜೀನ್ ಬೆರೆಸಿ ಅವರ ತಂಡ ಒಂದು ಲಸಿಕೆ ಮಾಡಿತು. 1998ರ ಆಗಸ್ಟ್‌ನಲ್ಲಿ ಅದು "ರೋಟಾಶೀಲ್ಡ್" ಎಂಬ ಹೆಸರಿನಲ್ಲಿ ಪರವಾನಗಿ ಪಡೆಯಿತು. ಒಂದು ವರ್ಷವೂ ತುಂಬಲಿಲ್ಲ. ಲಸಿಕೆ ಕುಡಿದ ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಮಡಚಿ ಸಿಕ್ಕಿಕೊಂಡ ಹದಿನೈದು ವರದಿಗಳು ಬಂದವು. 1999ರ ಜುಲೈನಲ್ಲಿ ಅಟ್ಲಾಂಟಾದ ಸಿಡಿಸಿ ಲಸಿಕೆಯನ್ನು ನಿಲ್ಲಿಸಲು ಹೇಳಿತು. ಅಕ್ಟೋಬರಿನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಅಪಾಯವಿದ್ದದ್ದು ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಎಂದು ಆಮೇಲೆ ಅಂದಾಜಾಯಿತು. ಭೇದಿಯಿಂದ ಸಾವು ಅಪರೂಪವಾಗಿದ್ದ ಅಮೆರಿಕದಲ್ಲಿ ಇದು ದೊಡ್ಡ ಅಪಾಯ. ಭಾರತದಲ್ಲಿ? ಆಫ್ರಿಕಾದಲ್ಲಿ? ಅಮೆರಿಕಕ್ಕೆ ಬೇಡವಾದ ಲಸಿಕೆಯನ್ನು ನಮ್ಮ ಮಕ್ಕಳಿಗೆ ಕೊಡುತ್ತೀರಾ ಎಂದು ಯಾರೂ ಕೇಳದೇ ಇರುವರೇ! ಹೀಗೆ ಅದು ಯಾರಿಗೂ ಸಿಗದಂತಾಯಿತು. ಸಿಡಿಸಿ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ, ಆದರೂ ಲೆಕ್ಕ ಸುಲಭದ್ದಲ್ಲ. ಮಕ್ಕಳೊಂದಿಗೆ ಊಟದ ಮೇಜಿನಲ್ಲಿ ಇದನ್ನು ಚರ್ಚಿಸಿ ನೋಡಿ. ಕಾಪಿಕಿಯನ್ ಮಾತ್ರ ಕೈಬಿಡಲಿಲ್ಲ. ಲಸಿಕೆಯನ್ನು ಇನ್ನೂ ಎಳೆಯ ವಯಸ್ಸಿನಲ್ಲಿ ಕೊಟ್ಟರೆ ಅಪಾಯ ಕಡಿಮೆ ಎಂದು ವಾದಿಸುತ್ತಲೇ ಬಂದರು. ಘಾನಾದಲ್ಲಿ ಹಾಗೆ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಲಸಿಕೆ ಒಳ್ಳೆಯ ರಕ್ಷಣೆ ಕೊಟ್ಟ ವರದಿ 2013ರಲ್ಲಿ ಪ್ರಕಟವಾಯಿತು. 2014ರಲ್ಲಿ ಅವರು ತೀರಿಕೊಂಡರು.

ಈಗ ಬೆಂಗಳೂರಿಗೆ ಬರೋಣ. ಅಲ್ಲಿನ ಆಸ್ಪತ್ರೆಗಳಲ್ಲಿ ಆಗತಾನೇ ಹುಟ್ಟಿದ ಕೂಸುಗಳ ಮಲದಲ್ಲಿ ರೋಟಾವೈರಸ್ ಇತ್ತು, ಆದರೆ ಕೂಸುಗಳಿಗೆ ಭೇದಿಯೇ ಇರಲಿಲ್ಲ! ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅವರ ತಂಡ ಇದನ್ನು ಬೆನ್ನುಹತ್ತಿತು. ಐ321 ಎಂಬ ಹೆಸರಿನ ಆ ತಳಿಯ ಹನ್ನೊಂದು ಜೀನ್ ತುಂಡುಗಳಲ್ಲಿ ಒಂಬತ್ತು ಹಸುವಿನ ವೈರಸ್ಸಿನವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಹಸು ಬೀದಿಯಲ್ಲೇ ಓಡಾಡುವ ಊರಲ್ಲವೇ ನಮ್ಮದು! ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ. ಕೆ. ಭಾನ್ ಅವರಿಗೂ ಇಂಥದೇ ನಿರುಪದ್ರವಿ ತಳಿ ಸಿಕ್ಕಿತ್ತು. ಅದರ ಹೆಸರು 116ಇ. ನಿಸರ್ಗವೇ ದುರ್ಬಲಗೊಳಿಸಿಟ್ಟ ಈ ವೈರಾಣುಗಳನ್ನೇ ಲಸಿಕೆ ಮಾಡಬಾರದೇಕೆ ಎಂಬ ಯೋಚನೆಗೆ ಅಟ್ಲಾಂಟಾದ ಸಿಡಿಸಿಯ ಡಾ. ರೋಜರ್ ಗ್ಲಾಸ್ ಮೊದಲಾದವರು ಕೈಜೋಡಿಸಿದರು. ಅದಕ್ಕೂ ಮುಂಚೆ ಢಾಕಾದಲ್ಲಿ ಕೆಲಸ ಮಾಡಿ, ಭೇದಿಯ ಕಷ್ಟವನ್ನು ಹತ್ತಿರದಿಂದ ಕಂಡಿದ್ದವರು ಗ್ಲಾಸ್.

ಎರಡೂ ತಳಿಗಳನ್ನು ದೆಹಲಿಯಲ್ಲಿ ಎಂಟು ವಾರದ 90 ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 116ಇ ಕುಡಿದವರಲ್ಲಿ ಶೇಕಡಾ 73 ಮಕ್ಕಳ ರಕ್ತದಲ್ಲಿ ಪ್ರತಿಕಾಯ ಏರಿತ್ತು. ನಮ್ಮ ಬೆಂಗಳೂರಿನ ತಳಿಯಲ್ಲಿ ಅದು ಬರೀ ಶೇಕಡಾ 39. ಲಸಿಕೆಯಿಲ್ಲದ ಹುಸಿ ಹನಿ ಕುಡಿದವರಲ್ಲೇ ಶೇಕಡಾ 20 ಇತ್ತು. ಐ321 ಅಲ್ಲಿಗೆ ಕೈಬಿಟ್ಟುಹೋಯಿತು.

116ಇ ಮುಂದುವರಿಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ತೀವ್ರ ಭೇದಿಯನ್ನು ಅರ್ಧಕ್ಕಿಂತ ಹೆಚ್ಚು ತಡೆಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ "ರೋಟಾವ್ಯಾಕ್" 2016ರಲ್ಲಿ ಸರಕಾರದ ಲಸಿಕಾ ಕಾರ್ಯಕ್ರಮ ಸೇರಿತು. ಒಂದು ಸಲಕ್ಕೆ ಐದು ಹನಿ. 2019ರ ಹೊತ್ತಿಗೆ ಕರ್ನಾಟಕವೂ ಸೇರಿ ಎಲ್ಲ ರಾಜ್ಯಗಳಲ್ಲೂ ರೋಟಾವೈರಸ್ ಲಸಿಕೆ ಪುಕ್ಕಟೆ ಸಿಗತೊಡಗಿತು. 1980ರ ದಶಕದಲ್ಲಿ ಸಿಕ್ಕ ತಳಿ ಲಸಿಕೆಯಾಗಿ ಮಕ್ಕಳ ಬಾಯಿಗೆ ಬೀಳಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಡಾ. ಭಾನ್ 2020ರ ಜನವರಿಯಲ್ಲಿ ತೀರಿಕೊಂಡರು, ತಮ್ಮ ಲಸಿಕೆಯನ್ನು ಕಣ್ಣಾರೆ ಕಂಡೇ ಹೋದರು.

ಅಮೆರಿಕದಲ್ಲಿ 2006ರಲ್ಲಿ ರೋಟಾಟೆಕ್, 2008ರಲ್ಲಿ ರೋಟಾರಿಕ್ಸ್ ಬಂದವು. ರೋಟಾಟೆಕ್ ಪರೀಕ್ಷೆಗೆ ಸುಮಾರು 70,000 ಮಕ್ಕಳನ್ನು ಸೇರಿಸಬೇಕಾದದ್ದು 1999ರ ಅನುಭವದಿಂದಲೇ. ಆಮೇಲೆ ಹುಟ್ಟಿದ ನಿಮ್ಮ ಮಕ್ಕಳ ಲಸಿಕೆ ಕಾರ್ಡು ತೆಗೆದು ನೋಡಿ: ಮೂರು ಸಲ ಕುಡಿಸಿದ್ದರೆ ರೋಟಾಟೆಕ್, ಎರಡೇ ಸಲವಾಗಿದ್ದರೆ ರೋಟಾರಿಕ್ಸ್ ಇದ್ದೀತು.