ನಾಯಿಗೆ ಆಪರೇಷನ್ನೇ? ಭಂಗಿಯ ವಿಷಯ ಮುಚ್ಚಿಡಬೇಡಿ

ಮೈಸೂರಿನ ಅಶೋಕಪುರಂನಿಂದ ಧನ್ವಂತರಿ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗೋ, ಹತ್ತಿರದ ಖಾಸಗಿ ಕ್ಲಿನಿಕ್ಕಿಗೋ ನಾಯಿಯನ್ನು ಆಟೊ ಹತ್ತಿಸುವ ಮುನ್ನ ಮನೆಯವರೆಲ್ಲ ಸೇರಿ ಒಂದು ಲೆಕ್ಕ ಹಾಕಿ. ಸಂತಾನಹರಣವಿರಲಿ, ಹಲ್ಲು ಕೀಳಿಸುವುದಿರಲಿ, ಅರಿವಳಿಕೆ ಬೇಕೇ ಬೇಕು. ಈಚೆಗೆ ನಾಯಿಯ ಹೊಟ್ಟೆಗೆ ಗಾಂಜಾ, ಭಂಗಿ, ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ ಏನಾದರೂ ಹೋಗಿದೆಯೇ?

ನಮ್ಮ ಮನೆಯಲ್ಲಿ ಅಂಥದ್ದೆಲ್ಲಿ ಎನ್ನಬೇಡಿ. ಮುದಿ ನಾಯಿಯ ಕೀಲುನೋವಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ಸಿಬಿಡಿ ಎಣ್ಣೆಯನ್ನು ಎಷ್ಟೋ ಜನ ಔಷಧವೆಂದೇ ಎಣಿಸುವುದಿಲ್ಲ. ಹೋಳಿಯ ಭಂಗಿ ಬೆರೆತ ಸಿಹಿ ಡಬ್ಬಿಯಲ್ಲಿ ಉಳಿದಿರಬಹುದು. ವಾಕಿಂಗ್ ಹೋದಾಗ ಯಾರೋ ಸೇದಿ ಎಸೆದ ತುಂಡಿಗೆ ನಾಯಿ ಬಾಯಿ ಹಾಕಿರಬಹುದು. ಗಾಂಜಾ ಸೇವಿಸಿದವರ ಮಲ ತಿಂದು ನಾಯಿಗೆ ಅಮಲೇರಿದ ಪ್ರಕರಣಗಳೂ ವರದಿಯಾಗಿವೆ.

ನಿಂತಲ್ಲೇ ತೂರಾಡುವುದು, ಅರಿವಿಲ್ಲದೆ ತೊಟ್ಟಿಕ್ಕುವ ಮೂತ್ರ, ಸಣ್ಣ ಸದ್ದಿಗೂ ಬೆಚ್ಚುವುದು, ತಣ್ಣಗಾದ ಮೈ ಕಂಡರೆ ಅನುಮಾನಪಡಿ. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಮಿದುಳಿನ ಸಿಬಿ1 ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ನಾಯಿಯ ಮಿದುಳಿನ ಹಿಂಭಾಗದಲ್ಲಿ ಅವು ಬಹಳ ದಟ್ಟವಾಗಿವೆ. ಅರಿವಳಿಕೆ ಮದ್ದು ಸೇರುವುದು ಹೀಗೆ ಮೊದಲೇ ಮಂಪರುಗಟ್ಟಿದ ಮಿದುಳಿಗೆ. ಟಿಎಚ್‌ಸಿ ಪಡೆದ ನಾಯಿಗಳಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆ ಅನಿಲ ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತದೆಂಬುದು 1973ರಲ್ಲೇ ಪ್ರಕಟವಾದ ಸಂಗತಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜೈಲಜೀನ್ ಚುಚ್ಚುಮದ್ದು ಹೃದಯಬಡಿತವನ್ನು ನಿಧಾನಗೊಳಿಸುತ್ತದೆ. ಟಿಎಚ್‌ಸಿ ಮಾಡುವುದೂ ಬಹುಮಟ್ಟಿಗೆ ಅದನ್ನೇ. ಸಿಬಿಡಿಯ ದಾರಿ ಬೇರೆ: ಅದು ಔಷಧ ಕರಗಿಸುವ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ. ಇಲಿಗಳಲ್ಲಿ ಪೆಂಟೊಬಾರ್ಬಿಟೋನ್ ಮದ್ದಿನ ನಿದ್ದೆಯನ್ನು ಅದು ಉದ್ದವಾಗಿಸಿದೆ.

ನಿತ್ಯ ಗಾಂಜಾ ಬಳಸುವ ಮನುಷ್ಯರಿಗೆ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಹೆಚ್ಚು ಬೇಕಾಯಿತೆಂದು 2019ರಲ್ಲಿ ಅಮೆರಿಕದ ಕೊಲರಾಡೊದಿಂದ ವರದಿ ಬಂದಿತ್ತು. ಅದನ್ನು ಓದಿ, ನಾಯಿಗೂ ಹಾಗೆಯೇ ಎಂದುಕೊಂಡು ನಿಮ್ಮ ವೈದ್ಯರಿಗೆ ಡೋಸ್ ಹೇಳಿಕೊಡಲು ಹೋಗಬೇಡಿ.

ಆಪರೇಷನ್ ದಿನ ಗೊತ್ತುಮಾಡುವಾಗಲೇ ವಿಷಯ ತಿಳಿಸಿ. ಎಣ್ಣೆಯ ಬಾಟಲಿ ಜೊತೆಗಿರಲಿ. ಎಷ್ಟು ಹನಿ, ಕೊನೆಯ ಬಾರಿ ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ತಿಂದದ್ದು ಸಿಹಿಯಾದರೆ ಅದರಲ್ಲಿ ಚಾಕೊಲೇಟ್, ದ್ರಾಕ್ಷಿ ಇತ್ತೇ ಎಂಬುದೂ ಮುಖ್ಯ, ಅವು ನಾಯಿಗೆ ಬೇರೆಯೇ ವಿಷ. ಗಾಂಜಾ ಎಂಬ ಮಾತಿಗೇ ಪೊಲೀಸರ ಭಯವಾಗುವುದು ಸಹಜ, ಆದರೆ ವೈದ್ಯರು ಕೇಳುವುದು ಡೋಸ್ ಲೆಕ್ಕಕ್ಕೆ. ಮನುಷ್ಯರ ಮೂತ್ರಪರೀಕ್ಷೆ ಪಟ್ಟಿ ನಾಯಿಯಲ್ಲಿ ಹಲವು ಬಾರಿ 'ಇಲ್ಲ' ಎಂದು ತಪ್ಪಾಗಿ ತೋರಿಸುವುದರಿಂದ ನಿಮ್ಮ ಮಾತೇ ಅವರಿಗೆ ಆಧಾರ.

ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಂಪರಿನ ನಾಯಿಯ ಶ್ವಾಸಕೋಶಕ್ಕೆ ವಾಂತಿ ನುಗ್ಗಬಹುದು. ತುರ್ತಲ್ಲದ ಆಪರೇಷನ್ ಆದರೆ ಅಮಲು ಪೂರ್ತಿ ಇಳಿಯುವವರೆಗೆ ಮುಂದೂಡಿ. ಸಾಮಾನ್ಯವಾಗಿ ಒಂದು ದಿನ ಸಾಕು, ಕೆಲವಕ್ಕೆ ಮೂರು ದಿನ ಹಿಡಿಯುತ್ತದೆ. ಅಪಘಾತವೋ ಗರ್ಭಕೋಶದ ಕೀವೋ ಆದರೆ ಕಾಯುವಂತಿಲ್ಲ. ಆಗ ವೈದ್ಯರು ಮದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ನಾಡಿ, ಉಸಿರು, ಮೈಶಾಖ ನೋಡಿಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ಬೆಚ್ಚಗೆ ಮಲಗಿಸಿ, ಮೆಟ್ಟಿಲಿಗೆ ಬಿಡಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರೂ ಬೇಡ. ಸಿಬಿಡಿ ಎಣ್ಣೆಯನ್ನು ಮತ್ತೆ ಕೊಡಬಹುದೇ ಎಂದು ಹೊಲಿಗೆ ತೋರಿಸಲು ಹೋದಾಗ ಕೇಳಿ.