ಗುಜರಿ ರಿವಾಲ್ವರಿನ ತುಂಡಿಗೂ ಲೈಸೆನ್ಸ್ ಬೇಕೇ?

ಹಳೆಯ ವೆಬ್ಲಿ ರಿವಾಲ್ವರಿನ ಫ್ರೇಮ್ ಸೀಳಿ ಹೋಗಿದೆ, ಇನ್ನು ಅದರಿಂದ ಗುಂಡು ಹಾರುವ ಮಾತಿಲ್ಲ. ಆದರೆ ಸಿಲಿಂಡರ್, ಹ್ಯಾಮರ್, ಟ್ರಿಗರ್ ಇನ್ನೂ ಗಟ್ಟಿಯಾಗಿವೆ. ಇಂಥ ಹಲವು ಮಾದರಿಗಳ ತಯಾರಿಕೆ ನಿಂತು ಎಷ್ಟೋ ಕಾಲವಾಗಿರುವುದರಿಂದ, ಕೆಟ್ಟದ್ದರಿಂದ ಕಳಚಿದ ಒಂದೊಂದು ತುಂಡಿಗೂ ಸಂಗ್ರಾಹಕರಲ್ಲಿ, ರಿಪೇರಿ ಮಾಡುವವರಲ್ಲಿ ಬೇಡಿಕೆಯಿದೆ. ನಡುವೆ ನಿಂತ ದಲ್ಲಾಳಿಗೆ ಒಂದೇ ಮಾತು ಗೊತ್ತು: ‘ಇದು ಬರೀ ಗುಜರಿ ಸಾರ್, ಇದಕ್ಕೆಂಥ ಲೈಸೆನ್ಸು?’ ಈ ಮಾತು ನಂಬಿದರೆ ಮಾರಿದವರು, ಕೊಂಡವರು, ಜೋಡಿಸಿಕೊಟ್ಟವರು ಮೂವರೂ ಒಂದೇ ಎಫ್‌ಐಆರ್‌ನಲ್ಲಿ ಆರೋಪಿಗಳಾಗಬಹುದು. ಕಮಿಷನ್ ಎಣಿಸಿಕೊಂಡ ದಲ್ಲಾಳಿ ಅಷ್ಟು ಹೊತ್ತಿಗೆ ಫೋನು ಎತ್ತುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರಿದವು. ಅಮೆರಿಕದ ಫೆಡರಲ್ ಕಾನೂನು 1968ರಿಂದ ಮುಖ್ಯವಾಗಿ ಫ್ರೇಮನ್ನೇ ಬಂದೂಕೆಂದು ಎಣಿಸುತ್ತದೆ. ಹಾಗಾಗಿ ಅಲ್ಲಿ ಫ್ರೇಮ್ ಕತ್ತರಿಸಿ ಉಳಿದ ಭಾಗ ಮಾರುವ ವ್ಯಾಪಾರ ನಡೆಯುತ್ತದೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿಯೂ ಹಾಗೆಯೇ ಎಂದುಕೊಂಡರೆ ಕೆಟ್ಟಿರಿ. ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ. ಲೈಸೆನ್ಸಿಲ್ಲದೆ ಮಾರಿದರೆ ಅಥವಾ ರಿಪೇರಿ ಮಾಡಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ.

ಜನ ಹೆಚ್ಚು ಮುಗ್ಗರಿಸುವುದು 45ನೇ ಸೆಕ್ಷನ್ನಿನ ವಿನಾಯಿತಿಯಲ್ಲಿ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆ ಅನ್ವಯಿಸದು ಎಂಬಲ್ಲಿಗೆ ಓದು ನಿಲ್ಲಿಸುತ್ತಾರೆ. ರಿಪೇರಿ ಮಾಡಿದರೂ ಬಳಸಲಾಗದಂತಿರಬೇಕು ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ಸ್ಪ್ರಿಂಗ್ ಬದಲಿಸಿದರೆ ಗುಂಡು ಹಾರಿಸುವ ರಿವಾಲ್ವರ್ ನೂರು ವರ್ಷ ಹಳೆಯದಾದರೂ ಬಂದೂಕೇ. ಪುರಾತನ ವಸ್ತುಗಳ 1972ರ ಕಾಯ್ದೆಯಡಿ ನೋಂದಣಿ ಮಾಡಿಸಿದರೂ ಅದು ಲೈಸೆನ್ಸಿಗೆ ಬದಲಿಯಾಗದು. ಬಿಡಿಭಾಗದ ವಿನಾಯಿತಿ ಇನ್ನೂ ನಾಜೂಕಿನದು. ಸಣ್ಣಪುಟ್ಟ ಭಾಗಗಳನ್ನು ಇಟ್ಟುಕೊಳ್ಳಬಹುದು, ಆದರೆ ನಿಮ್ಮ ಬಳಿಯೋ ಬೇರೆ ಯಾರ ಬಳಿಯೋ ಇರುವ ಪೂರಕ ಭಾಗಗಳ ಜೊತೆ ಬಳಸುವ ಉದ್ದೇಶ ಇರಕೂಡದು. ಯಾವುದು ಸಣ್ಣ ಭಾಗ ಎಂದು ಕಾಯ್ದೆ ವಿವರಿಸಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಮರದ ಹಿಡಿಗೆ ರಕ್ಷಣೆ ಸಿಗಬಹುದು. ‘ನನ್ನ ವೆಬ್ಲಿಗೆ ಕೂರುತ್ತದಾ?’ ಎಂದು ವಾಟ್ಸಾಪಿನಲ್ಲಿ ಕೇಳಿ ತರಿಸಿಕೊಂಡ ಹ್ಯಾಮರಿಗೆ ಸಿಗುವುದು ಕಷ್ಟ, ಉದ್ದೇಶಕ್ಕೆ ಸಾಕ್ಷಿಯನ್ನು ನೀವೇ ಬರೆದುಕೊಟ್ಟಿರುತ್ತೀರಿ. ತುಂಡಿಗೆ ಬೆಲೆ ಬರುವುದು ಅದು ಇನ್ನೊಂದಕ್ಕೆ ಕೂರುತ್ತದೆ ಎಂಬ ಕಾರಣಕ್ಕೆ. ವಿನಾಯಿತಿ ಕೈತಪ್ಪುವುದೂ ಅದೇ ಕಾರಣಕ್ಕೆ.

‘ನನ್ನ ರಿವಾಲ್ವರಿಗೆ ಲೈಸೆನ್ಸ್ ಇದೆಯಲ್ಲ’ ಎನ್ನುವ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಲೈಸೆನ್ಸ್ ಇರುವುದು ಅದರಲ್ಲಿ ನಂಬರ್ ಸಮೇತ ನಮೂದಾದ ಆಯುಧಕ್ಕೆ, ಕಪಾಟಿನಲ್ಲಿ ಕೂಡಿಟ್ಟ ಎರಡನೆಯ ಸಿಲಿಂಡರಿಗಲ್ಲ. ವೆಬ್ಲಿಗಳಲ್ಲಿ ಸಾಮಾನ್ಯವಾಗಿ ಫ್ರೇಮಿನ ನಂಬರನ್ನೇ ಸಿಲಿಂಡರಿನ ಮೇಲೂ ಕೊರೆದಿರುತ್ತಾರೆ. ಗುಜರಿಯಿಂದ ಬಂದ ಸಿಲಿಂಡರ್ ಕೂರಿಸಿದರೆ ಎರಡೂ ತಾಳೆಯಾಗುವುದಿಲ್ಲ. ಹಾಗೆಂದು ನಂಬರನ್ನು ಅರದಿಂದ ಉಜ್ಜಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಅದು 8ನೇ ಸೆಕ್ಷನ್ನಿನ ಪ್ರತ್ಯೇಕ ಅಪರಾಧ, ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾನೂನು ಮೊದಲು ಊಹಿಸುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 2029ರವರೆಗೆ ವಿಸ್ತರಿಸಿರುವ ಲೈಸೆನ್ಸ್ ವಿನಾಯಿತಿಯೂ ಇಲ್ಲಿ ಪೂರ್ತಿ ಆಸರೆಯಲ್ಲ. ಅದು ಷರತ್ತುಗಳೊಂದಿಗೆ ಕೋವಿ ಹೊಂದುವುದಕ್ಕೆ ಇರುವುದು, ಬಿಡಿಭಾಗದ ವ್ಯಾಪಾರಕ್ಕಲ್ಲ. ‘ತುಂಡು ನನ್ನ ಬಳಿ ಇಲ್ಲ, ಮೇಸ್ತ್ರಿ ಬಳಿ ಇದೆ’ ಎಂಬ ವಾದವೂ ನಿಲ್ಲದು. ವಸ್ತು ಇನ್ನೊಬ್ಬರ ಕೈಯಲ್ಲಿದ್ದರೂ ಅದರ ಮೇಲೆ ನಿಮ್ಮ ಹಿಡಿತವಿದ್ದರೆ ಅದು ನಿಮ್ಮ ಸ್ವಾಧೀನವೇ ಎಂದು ಸುಪ್ರೀಂ ಕೋರ್ಟ್ 1972ರ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ.

ಹಾಗಾದರೆ ದಾರಿ? ಲೈಸೆನ್ಸ್ ಇರುವ ರಿವಾಲ್ವರ್ ಕೆಟ್ಟರೆ ಅದನ್ನು ಲೈಸೆನ್ಸ್ ಪಡೆದ ಆಯುಧ ಅಂಗಡಿಗೇ ಕೊಡಿ, ಬಿಡಿಭಾಗವನ್ನು ಅವರೇ ಒದಗಿಸಲಿ, ಬಿಲ್ಲಿನಲ್ಲಿ ನಂಬರ್ ಸಹಿತ ಬರೆಸಿಕೊಳ್ಳಿ. ಆದರೆ ಮಾರಾಟದ ಲೈಸೆನ್ಸಿದ್ದ ಮಾತ್ರಕ್ಕೆ ರಿಪೇರಿಯ ಅನುಮತಿಯೂ ಇರುತ್ತದೆ ಎಂದುಕೊಳ್ಳಬೇಡಿ, ಕೇಳಿ ನೋಡಿ. ಕೋರ್ಟ್ ಆದೇಶದಂತೆ ನಾಶಕ್ಕೆ ಹೋದ ಆಯುಧದ ತುಂಡು ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಮುಟ್ಟಲೇಬೇಡಿ, ಅದು ಕಳವಿನ ಮಾಲೂ ಆಗಿರಬಹುದು. ಹಿರಿಯರು ತೀರಿಕೊಂಡು ಮನೆಯಲ್ಲಿ ಮುರಿದ ರಿವಾಲ್ವರ್ ಸಿಕ್ಕರೆ ಕಳಚಲು ಕೂರದೆ, 21ನೇ ಸೆಕ್ಷನ್ನಿನಂತೆ ತಡಮಾಡದೆ ಠಾಣೆಗೋ ಲೈಸೆನ್ಸ್ ಪಡೆದ ಡೀಲರಿಗೋ ಒಪ್ಪಿಸಿ. ಆದರೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ, ಮೊದಲು ಲಿಖಿತವಾಗಿ ತಿಳಿಸಿ. ಒಪ್ಪಿಸಿ ಮರೆತುಬಿಡುವುದೂ ಸಲ್ಲದು: ನಿಗದಿತ ಅವಧಿಯೊಳಗೆ ವಾರಸುದಾರರು ಲೈಸೆನ್ಸ್ ಪಡೆದು ಬಿಡಿಸಿಕೊಳ್ಳದಿದ್ದರೆ ಅಥವಾ ಮಾರದಿದ್ದರೆ ಅದು ಸರ್ಕಾರದ ಪಾಲು. ಇದರಲ್ಲೂ ಒಂದು ತೊಡಕು: .380 ಅಥವಾ .455 ಬೋರಿನ ರಿವಾಲ್ವರಾದರೆ ಜಿಲ್ಲಾಧಿಕಾರಿಗೆ ಲೈಸೆನ್ಸ್ ಕೊಡುವ ಅಧಿಕಾರವಿಲ್ಲ, ಅರ್ಜಿ ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗಬೇಕು. ಇಷ್ಟೆಲ್ಲ ಗೊತ್ತಿರಬೇಕಾದ ಠಾಣೆಯಲ್ಲೇ ‘ಸಾಹೇಬರಿಲ್ಲ, ನಾಳೆ ಬನ್ನಿ’ ಎನ್ನುತ್ತಾರೆ. ನಿಯಮ ಪಾಲಿಸಲು ಬಂದವರನ್ನು ಅಲೆಸುವ ಈ ಚಾಳಿಯೇ ಜನರನ್ನು ದಲ್ಲಾಳಿಯ ಬಾಗಿಲಿಗೆ ಕಳಿಸುವುದು. ಠಾಣೆಯವರು ಸ್ವೀಕೃತಿ ಕೊಡದಿದ್ದರೆ ಅದೇ ದಿನ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಠಾಣೆಗೂ ಲೈಸೆನ್ಸ್ ಪ್ರಾಧಿಕಾರಕ್ಕೂ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ.