ಗಾಡಿಯ ಮೈಲೇಜ್ ಬಿಡಿ, ಕೆ.ಜಿ. ತರಕಾರಿಗೆ ಎಷ್ಟು ಡೀಸೆಲ್ ಅಂತ ನೋಡಿ

ಗಾಡಿ ಲೀಟರಿಗೆ ಎಷ್ಟು ಕಿ.ಮೀ. ಕೊಡುತ್ತೆ ಅಂತ ಕೇಳಿದರೆ ನಮ್ಮಲ್ಲಿ ಎಲ್ಲರೂ ಥಟ್ಟನೆ ಹೇಳುತ್ತಾರೆ. ಆದರೆ ಒಂದು ಕೆ.ಜಿ. ಬೀನ್ಸ್ ಗಿರಾಕಿ ಕೈ ಸೇರೋಕೆ ಎಷ್ಟು ಡೀಸೆಲ್ ಸುಟ್ಟಿತು ಅಂದರೆ ಉತ್ತರ ಇರೋದಿಲ್ಲ. ನಮ್ಮಂಥ ಸಣ್ಣ ಸಾವಯವ ಬೆಳೆಗಾರರ ಲಾಭ ಸೋರುವುದು ಇಲ್ಲೇ. ಮಾಗಡಿ ರಸ್ತೆ ಕಡೆಯ ತೋಟದಿಂದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಗೆ ತರಕಾರಿ ಕೊಡುವ ನಾನು ಪ್ರತಿ ಟ್ರಿಪ್ಪಿಗೂ ಈ ಲೆಕ್ಕ ಬರೆದಿಡುತ್ತೇನೆ. ಲೆಕ್ಕ ಸುಲಭ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಏಕಮಾನ ದರ ಅಂದರೆ ಏನು?

5 ಕೆ.ಜಿ. ಚೀಲ ಸಸ್ತಾನೋ 25 ಕೆ.ಜಿ. ಚೀಲ ಸಸ್ತಾನೋ ಅಂತ ತಿಳಿಯೋಕೆ ಕೆ.ಜಿ.ಗೆ ಎಷ್ಟು ಬೀಳುತ್ತೆ ಅಂತ ನೋಡ್ತೀವಲ್ಲ, ಅದೇ ಏಕಮಾನ ದರ. ಸಾಗಣೆಯಲ್ಲಿ ತೂಕ, ದೂರ ಎರಡೂ ಇರುವುದರಿಂದ ಎರಡನ್ನೂ ಗುಣಿಸಬೇಕು. ಒಂದು ಟನ್ ಸರಕು ಒಂದು ಕಿ.ಮೀ. ಸಾಗಿದರೆ ಅದು 1 ಟನ್-ಕಿ.ಮೀ.

600 ಕೆ.ಜಿ. ಅಂದರೆ 0.6 ಟನ್. ಅದು 30 ಕಿ.ಮೀ. ಹೋದರೆ 0.6 × 30 = 18 ಟನ್-ಕಿ.ಮೀ. ಖರ್ಚಾದ ಇಂಧನವನ್ನು ಇದರಿಂದ ಭಾಗಿಸಿ.

ಒಂದು ಎಚ್ಚರಿಕೆ: ದೂರ ಹಿಡಿಯುವಾಗ ಸರಕು ಸಾಗಿದ ದಾರಿ ಮಾತ್ರ, ಇಂಧನ ಹಿಡಿಯುವಾಗ ಹೋಗಿ ಬಂದದ್ದು ಪೂರ್ತಿ. ಖಾಲಿ ವಾಪಸ್ ಬಂದದ್ದೂ ಆ ತರಕಾರಿ ಖಾತೆಗೇ ಸೇರಬೇಕು.

ಒಂದೇ ದಾರಿ, ಮೂರು ಗಾಡಿ

ತೋಟದಿಂದ ರಾಜಾಜಿನಗರಕ್ಕೆ 30 ಕಿ.ಮೀ., ಹೋಗಿ ಬರೋಕೆ 60 ಅಂತ ಇಟ್ಟುಕೊಳ್ಳಿ. ಮೈಲೇಜ್ ಉದಾಹರಣೆಗಷ್ಟೇ, ನಿಮ್ಮ ಗಾಡಿಯದ್ದು ಹಾಕಿಕೊಳ್ಳಿ.

- ಸ್ಕೂಟರ್: 50 ಕೆ.ಜಿ., ಲೀಟರಿಗೆ 40 ಕಿ.ಮೀ. ಪೆಟ್ರೋಲ್ 1.5 ಲೀಟರ್. ಟನ್-ಕಿ.ಮೀ.ಗೆ 1 ಲೀಟರ್, ಕೆ.ಜಿ.ಗೆ 30 ಮಿ.ಲೀ.
- ಮಿನಿ ಟ್ರಕ್: 600 ಕೆ.ಜಿ., ಲೀಟರಿಗೆ 15 ಕಿ.ಮೀ. ಡೀಸೆಲ್ 4 ಲೀಟರ್. ಟನ್-ಕಿ.ಮೀ.ಗೆ 0.22 ಲೀಟರ್, ಕೆ.ಜಿ.ಗೆ 6.7 ಮಿ.ಲೀ.
- ಪಿಕಪ್: 1,200 ಕೆ.ಜಿ., ಲೀಟರಿಗೆ 10 ಕಿ.ಮೀ. ಡೀಸೆಲ್ 6 ಲೀಟರ್. ಟನ್-ಕಿ.ಮೀ.ಗೆ 0.17 ಲೀಟರ್, ಕೆ.ಜಿ.ಗೆ 5 ಮಿ.ಲೀ.

ಮೈಲೇಜಿನಲ್ಲಿ ಎಲ್ಲಕ್ಕಿಂತ ಹಿಂದಿರುವ ಪಿಕಪ್ ಇಲ್ಲಿ ಮುಂದೆ ಬಂತು. ಆದರೆ ಅದೇ ಪಿಕಪ್‌ನಲ್ಲಿ 300 ಕೆ.ಜಿ. ಮಾತ್ರ ಹಾಕಿ, 5 ಲೀಟರ್ ಸುಟ್ಟರೆ ಕೆ.ಜಿ.ಗೆ 16.7 ಮಿ.ಲೀ. ಆಗುತ್ತೆ. ದೊಡ್ಡ ಗಾಡಿ ಲಾಭ ಕೊಡುವುದು ತುಂಬಿದಾಗ ಮಾತ್ರ.

ಹತ್ತಿರದ ಪೇಟೆ ಯಾವಾಗಲೂ ಅಗ್ಗ ಅನ್ನುವುದೂ ನಿಜವಲ್ಲ. 24 ಕಿ.ಮೀ. ದೂರದ ಕೆಂಗೇರಿಗೆ ಮಿನಿ ಟ್ರಕ್‌ನಲ್ಲಿ 250 ಕೆ.ಜಿ. ಒಯ್ದು 3 ಲೀಟರ್ ಖರ್ಚಾದರೆ ಕೆ.ಜಿ.ಗೆ 12 ಮಿ.ಲೀ. ತುಂಬಿದ ಗಾಡಿಯಲ್ಲಿ ರಾಜಾಜಿನಗರಕ್ಕೆ ಹೋಗುವುದರ ಹತ್ತಿರ ಹತ್ತಿರ ಎರಡು ಪಟ್ಟು.

ಪೆಟ್ರೋಲ್, ಡೀಸೆಲ್, ಕರೆಂಟ್: ಹೋಲಿಸುವುದು ಹೇಗೆ?

ಲೀಟರನ್ನು ಯೂನಿಟ್ ಜೊತೆ ನೇರ ಹೋಲಿಸಲಾಗದು. ಎಲ್ಲವನ್ನೂ ಶಕ್ತಿಯ ಅಳತೆಯಾದ ಮೆಗಾಜೂಲ್‌ಗೆ ತನ್ನಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36, ಪೆಟ್ರೋಲ್‌ನಲ್ಲಿ ಸುಮಾರು 32, ಒಂದು ಯೂನಿಟ್ ಕರೆಂಟಿನಲ್ಲಿ 3.6 ಮೆಗಾಜೂಲ್.

ಎಲೆಕ್ಟ್ರಿಕ್ ಗೂಡ್ಸ್ ಆಟೊ 400 ಕೆ.ಜಿ. ಒಯ್ದು ಬರೋಕೆ ಮೀಟರಿನಲ್ಲಿ 7.5 ಯೂನಿಟ್ ಓಡಿದರೆ 27 ಮೆಗಾಜೂಲ್. ಅದನ್ನು 12 ಟನ್-ಕಿ.ಮೀ.ಯಿಂದ ಭಾಗಿಸಿದರೆ 2.25. ತುಂಬಿದ ಪಿಕಪ್‌ನದ್ದು 6, ಮಿನಿ ಟ್ರಕ್‌ನದ್ದು 8, ಸ್ಕೂಟರ್‌ದು 32. ಆದರೆ ಕಲ್ಲಿದ್ದಲ ಸ್ಥಾವರದಲ್ಲಿ ಶಾಖದ ಸುಮಾರು ಮೂರನೇ ಒಂದು ಭಾಗವಷ್ಟೇ ಕರೆಂಟ್ ಆಗುತ್ತೆ. ಆ ಲೆಕ್ಕದಲ್ಲಿ ಆಟೊ ಕೂಡ 6.75ಕ್ಕೆ ಬಂದು ನಿಲ್ಲುತ್ತೆ. ಶರಾವತಿಯ ನೀರಿನಿಂದಲೋ ಪಾವಗಡದ ಬಿಸಿಲಿನಿಂದಲೋ ಬಂದ ಕರೆಂಟಿಗೆ ಈ ನಷ್ಟ ಇಲ್ಲ.

ರೈಲಿನ ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಉರುಳುವಾಗ ಟೈರಿಗಿಂತ ಎಳೆತ ಬಹಳ ಕಡಿಮೆ. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಬಳಿಯ ಬಾಳೆಗೆ ತುಂಬಿದ ಲಾರಿಗಳನ್ನೇ ರೈಲಿಗೆ ಹತ್ತಿಸುವ ಸೇವೆ ಶುರುವಾಯಿತು. ಅಲ್ಲಿಯೂ ಭಾಗಿಸಬೇಕಾದ್ದು ಸರಕಿನ ತೂಕದಿಂದ, ಲಾರಿಯ ತೂಕ ಸೇರಿಸಿ ಅಲ್ಲ.

ದರ ಇಳಿಸುವ ದಾರಿ

1. ಜೊತೆಗೂಡಿ. ಮೂವರು ತಲಾ 200 ಕೆ.ಜಿ.ಯನ್ನು ಬೇರೆ ಬೇರೆ ಮಿನಿ ಟ್ರಕ್‌ನಲ್ಲಿ ಒಯ್ದರೆ, ಪ್ರತಿ ಗಾಡಿಗೆ 3.75 ಲೀಟರ್‌ನಂತೆ, ಕೆ.ಜಿ.ಗೆ 18.75 ಮಿ.ಲೀ. ಡೀಸೆಲ್ ಲೀಟರಿಗೆ 90 ರೂ. ಹಿಡಿದರೆ ಸುಮಾರು 1.70 ರೂ. ಒಂದೇ ಗಾಡಿಯಾದರೆ 60 ಪೈಸೆ. ಬಾಡಿಗೆಗೂ ಇದೇ ಭಾಗಾಕಾರ: ಟ್ರಿಪ್ಪಿಗೆ 1,500 ರೂ. ಆದರೆ ಒಬ್ಬರೇ ಹೋದಾಗ ಕೆ.ಜಿ.ಗೆ 7.50 ರೂ., ಮೂವರು ಸೇರಿದರೆ 2.50.

2. ಖಾಲಿ ಬರಬೇಡಿ. ತುಂಬಿದ ಪಿಕಪ್ ವಾಪಸ್ ಬರುವಾಗ 600 ಕೆ.ಜಿ. ಬೇವಿನ ಹಿಂಡಿ ತಂದು, ಒಟ್ಟು 6.5 ಲೀಟರ್ ಸುಟ್ಟರೆ ಟನ್-ಕಿ.ಮೀ.ಗೆ 0.12 ಲೀಟರ್‌ಗೆ ಇಳಿಯುತ್ತೆ.

3. ಬಡಾವಣೆಗೊಂದು ಜಾಗ ಗೊತ್ತು ಮಾಡಿ. ಮನೆ ಮನೆಗೆ ಸುತ್ತುವಾಗ ಕಿ.ಮೀ. ಏರುತ್ತೆ, ಟ್ರಾಫಿಕ್ಕಿನಲ್ಲಿ ಮೈಲೇಜ್ ಇಳಿಯುತ್ತೆ.

4. ಬಾಡದಂತೆ ನೋಡಿಕೊಳ್ಳಿ. 600 ಕೆ.ಜಿ.ಯಲ್ಲಿ 60 ಕೆ.ಜಿ. ಸೊಪ್ಪು ಬಾಡಿ ಹೋದರೆ ಭಾಗಿಸಬೇಕಾದ್ದು 540ರಿಂದ. 6.7 ಮಿ.ಲೀ. ಇದ್ದದ್ದು 7.4 ಆಗುತ್ತೆ. ಒದ್ದೆ ಗೋಣಿ, ಬೆಳಗಿನ ಜಾವದ ಕೊಯ್ಲು ಕೂಡ ಡೀಸೆಲ್ ಉಳಿಸುತ್ತವೆ.

ಈ ವಾರ ಮಾಡಬೇಕಾದ್ದು

ಹೊರಡುವ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ, ಬಂದ ಮೇಲೆ ಮತ್ತೆ ಫುಲ್ ಮಾಡಿಸಿ. ಎರಡನೇ ಸಲ ಹಿಡಿದಷ್ಟೇ ನಿಮ್ಮ ಖರ್ಚು. ದಿನಾಂಕ, ಊರು, ಕಿ.ಮೀ., ಮಾರಾಟವಾದ ಕೆ.ಜಿ., ಲೀಟರ್ – ಐದೇ ಕಲಂ. ನಾಲ್ಕು ವಾರ ಬರೆದರೆ ಯಾವ ಟ್ರಿಪ್ ನಿಲ್ಲಿಸಬೇಕು, ಯಾವುದನ್ನು ಪಕ್ಕದ ತೋಟದವರ ಜೊತೆ ಸೇರಿಸಬೇಕು ಅಂತ ಪುಸ್ತಕವೇ ಹೇಳುತ್ತೆ.